ಪೇಪರ್ ಅಂಗಡಿಯವಳ ಮುಖ

ಹಾಂಕಾ ಒಂದೇ ಕಡೆ ಅರ್ಧ ಗಂಟೆ ಕೂತದ್ದನ್ನು ನಾನು ಹದಿನಾಲ್ಕು ವರ್ಷದಲ್ಲಿ ಒಂದೇ ಸಲ ನೋಡಿದ್ದು. ಮಿಕ್ಕ ದಿನವೆಲ್ಲ ಅವಳ ಕಾಲಿಗೆ ಚಕ್ರ. ಎರಡು ಗೆರೆ ಎಳೆದರೆ ಏಳುವಳು, ಕಿಟಕಿವರೆಗೆ ಹೋಗುವಳು, ಕುಂಚ ತೊಳೆಯುವ ಲೋಟದ ನೀರು ಇನ್ನೂ ತಿಳಿಯಾಗಿದ್ದರೂ ಬದಲಾಯಿಸಿಕೊಂಡು ಬರುವಳು. ಪಕ್ಕದ ಮೇಜಿನಲ್ಲಿ ಕೂತು ಅಕ್ಷರ ಬರೆಯುವವನಿಗೆ ಇದೆಂಥ ಹಿಂಸೆ ಅಂತ ಅವಳಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ.

ನಮ್ಮ ಕೆಲಸದ ಜಾಗ ಮ್ಯಾನ್‌ಹಾಟನ್‌ನ ಹಳೇ ಕಟ್ಟಡವೊಂದರ ಐದನೇ ಮಹಡಿ. ಲಿಫ್ಟು ಮನಸ್ಸು ಬಂದಾಗ ಓಡುತ್ತಿತ್ತು. ಅಲ್ಲಿ ತಿಂಗಳಿಗೊಂದರಂತೆ ‘ಗೋಪುರವೀರ’ನ ಕಾಮಿಕ್ಸ್ ತಯಾರಾಗುತ್ತಿತ್ತು. ನಾನು ಕಥೆಗಾರ ಕೊಟ್ಟ ಮಾತನ್ನು ಪಾತ್ರಗಳ ತಲೆ ಮೇಲಿನ ಗುಳ್ಳೆಗಳೊಳಗೆ ಬರೆಯುವವನು. ಆ ಮಹಾವೀರ ಆಡಿದ ಒಂದೊಂದು ಅಕ್ಷರವೂ ನನ್ನ ಕೈಯದು, ನನ್ನ ಹೆಸರು ಮಾತ್ರ ಪುಸ್ತಕದ ಯಾವ ಮೂಲೆಯಲ್ಲೂ ಇಲ್ಲ. ಹಾಂಕಾ ಪೆನ್ಸಿಲ್ ಗೆರೆಗಳ ಮೇಲೆ ಮಸಿ ಹಾಕುವವಳು, ಅದೂ ನಾಯಕನಿಗಲ್ಲ. ನಾಯಕನಿಗೂ ಖಳನಿಗೂ ಮಸಿ ಹಾಕುವ ದೊಡ್ಡ ಮನುಷ್ಯ ಕಿಟಕಿ ಪಕ್ಕ ಕೂರುತ್ತಿದ್ದ. ಇಟ್ಟಿಗೆ ಗೋಡೆ, ಮಹಡಿ ಮೇಲಿನ ನೀರಿನ ತೊಟ್ಟಿ, ದಿಕ್ಕೆಟ್ಟು ಓಡುವ ಜನ, ನಾಯಕನ ಮನೆ ಒಡತಿ, ಅವನ ಆಫೀಸಿನ ಗುಮಾಸ್ತ, ಇವೆಲ್ಲ ಹಾಂಕಾಳ ಪಾಲಿಗೆ.

ಪೆನ್ಸಿಲ್ ಹಾಕುವವನು ನಾಯಕನ ಎದೆಯ ಸ್ನಾಯುಗಳಿಗೆ ಅರ್ಧ ದಿನ ಕೊಡುತ್ತಿದ್ದ. ಪಕ್ಕದ ಪಾತ್ರಗಳು ಬಂದರೆ ಒಂದು ಕೋಳಿಮೊಟ್ಟೆ ಬರೆದು ಅದರ ಮೇಲೆ ಅಡ್ಡ ಉದ್ದ ಎರಡು ಗೆರೆ ಎಳೆದು ಬಿಟ್ಟುಬಿಡುತ್ತಿದ್ದ. ಆ ಮೊಟ್ಟೆಗೆ ಕಣ್ಣು ಮೂಗು ಬಾಯಿ ಕೊಡುವುದು ಹಾಂಕಾಳ ಕೆಲಸ. ಇಷ್ಟು ಮೊಟ್ಟೆಗಳಿಗೆ ಮುಖ ಎಲ್ಲಿಂದ ತರಬೇಕು? ಹಾಗಾಗಿ ನಮ್ಮ ಕಟ್ಟಡದ ಕಾವಲುಗಾರ ಬ್ಯಾಂಕಿನ ಮ್ಯಾನೇಜರಾದ. ನಾನು ಒಮ್ಮೆ ಕುಡುಕನಾದೆ, ಇನ್ನೊಮ್ಮೆ ಸೇತುವೆಯಿಂದ ಬಿದ್ದೆ. ಬೀದಿ ಮೂಲೆಯಲ್ಲಿ ಪೇಪರ್ ಮಾರುವ ಹೆಂಗಸಿಗೆ ಅವಳು ತನ್ನ ಅಮ್ಮನ ಮುಖ ಕೊಟ್ಟಳು.

ಅಮ್ಮ ಬ್ರೋನ್ಯಾ ನಿಜವಾಗಿಯೂ ಪೇಪರ್ ಮಾರುವವರೇ. ಬ್ರೂಕ್ಲಿನ್‌ನ ಗ್ರೀನ್‌ಪಾಯಿಂಟ್‌ನಲ್ಲಿ, ಪೋಲಿಷ್ ಜನ ಕಿಕ್ಕಿರಿದ ಬೀದಿಯಲ್ಲಿ, ಸಬ್‌ವೇ ಮೆಟ್ಟಿಲ ಪಕ್ಕದ ಹಸಿರು ಡಬ್ಬಿಯಂಗಡಿ ಅವರದು. ತಲೆಗೆ ಹೂವಿನ ಸ್ಕಾರ್ಫು, ಮೂಗಿನ ತುದಿ ವರ್ಷವಿಡೀ ಕೆಂಪು. ಇಂಗ್ಲಿಷ್ ಓದಲು ಬಾರದು. ಆದರೂ ಪ್ರತಿ ತಿಂಗಳು ಕಾಮಿಕ್ಸ್ ಕಟ್ಟು ಬಂದ ಕೂಡಲೇ ಬಿಚ್ಚಿ, ತನ್ನನ್ನು ಹುಡುಕಿ, ಗಿರಾಕಿಗಳಿಗೆಲ್ಲ ತೋರಿಸುವರು. ಯಾವುದಾದರೂ ತಿಂಗಳು ಕಾಣದಿದ್ದರೆ ಭಾನುವಾರ ಊಟದ ಹೊತ್ತಿಗೆ ಹಾಂಕಾಳಿಗೆ ಕಾದಿತ್ತು ಅಂತಲೇ ಅರ್ಥ. ಈ ತಿಂಗಳು ನಾನು ಎಲ್ಲಿಗೆ ಹೋಗಿದ್ದೆ, ನನ್ನ ಅಂಗಡಿ ಯಾರು ನೋಡಿಕೊಂಡರು ಅಂತ ಅಮ್ಮನಿಂದ ಪಿರೋಗಿ ಕಡುಬಿನ ತಟ್ಟೆ ಮುಂದಿಟ್ಟುಕೊಂಡು ವಿಚಾರಣೆ ನಡೆಯುತ್ತಿತ್ತಂತೆ.

ಮೊದಲಿಗೆ ಚಿತ್ರದ ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಈ ಹೆಂಗಸಿನ ಬಗ್ಗೆ ಓದುಗರು ಪತ್ರ ಬರೆಯತೊಡಗಿದರು. ಕಥೆ ಬರೆಯುವವನು ಅವಳಿಗೆ ಮಿಸೆಸ್ ರೋಝಾ ಅಂತ ಹೆಸರಿಟ್ಟ, ನಾಲ್ಕು ಮಾತು ಕೊಟ್ಟ. ಮಾಮೂಲಿ ಬಟ್ಟೆಯಲ್ಲಿ ಬರುವ ನಾಯಕ ದಿನಾ ಅವಳ ಹತ್ತಿರ ಪೇಪರ್ ಕೊಳ್ಳುತ್ತಿದ್ದ. ಊರಲ್ಲಿ ಯಾರಿಗೂ ಗೊತ್ತಿಲ್ಲದ ಅವನ ಗುಟ್ಟು ಅವಳಿಗೆ ಗೊತ್ತಿದ್ದ ಹಾಗಿತ್ತು, ಅವಳು ಬಾಯಿ ಬಿಡುತ್ತಿರಲಿಲ್ಲ.

ಎಪ್ಪತ್ತೈದರ ಚಳಿಗಾಲದಲ್ಲಿ ಹೊಸ ಸಂಪಾದಕ ಬಂದ. ಓದುಗರು ಕಮ್ಮಿಯಾಗುತ್ತಿದ್ದಾರೆ, ಯಾರಾದರೂ ಸಾಯಬೇಕು ಅಂದ. ನಾಯಕನನ್ನು ಕೊಲ್ಲುವ ಹಾಗಿಲ್ಲ, ಅವನ ಪ್ರೇಯಸಿಯನ್ನು ಹಿಂದಿನ ವರ್ಷವೇ ಕೊಂದಾಗಿತ್ತು. ಪೇಪರ್‌ನವಳು ಸಾಕು ಅಂತ ಅವನೇ ತೀರ್ಮಾನಿಸಿದ. ಜನ ಅಳಬೇಕು, ಆದರೆ ತುಂಬಾ ಅಳಬಾರದು ಅಂತ ವಿವರಣೆಯನ್ನೂ ಕೊಟ್ಟ. ಅವನ ಕಾಫಿ ಲೋಟ ಎತ್ತಿ ಅವನ ತಲೆ ಮೇಲೆ ಸುರಿಯಬೇಕು ಅನ್ನಿಸಿತು. ಸುರಿಯಲಿಲ್ಲ. ಸಂಬಳದ ಜೀವ.

ಆ ಪುಟಕ್ಕೆ ಮೊದಲು ಕೈ ಹಾಕಿದವನು ನಾನೇ, ಯಾಕೆಂದರೆ ಮಾತು ಬರೆದ ಮೇಲೆಯೇ ಮಸಿ. ಕುಸಿದ ಅಂಗಡಿಯ ಕೆಳಗೆ ಬಿದ್ದವಳು ನಾಯಕನಿಗೆ ಹೇಳುವ ಕೊನೆಯ ಮಾತು, ‘ನಾಳೆಯ ಪೇಪರ್ ತೆಗೆದಿಟ್ಟಿದ್ದೀನಿ.’ ಬರೆದು ಪುಟವನ್ನು ಹಾಂಕಾಳ ಮೇಜಿಗೆ ಸರಿಸಿದೆ. ಸ್ಕಾರ್ಫಿನ ಒಳಗೆ ಒಂದು ಖಾಲಿ ಮೊಟ್ಟೆ ಇತ್ತು.

ಅವತ್ತು ಅವಳು ಲೋಟದ ನೀರನ್ನು ಹನ್ನೊಂದು ಸಲ ಬದಲಾಯಿಸಿದಳು, ನಾನೇ ಎಣಿಸಿದೆ. ಮುರಿದ ಹಲಗೆಗೆಲ್ಲ ಮಸಿ ಹಾಕಿದಳು, ಚೆಲ್ಲಿದ ಪೇಪರಿಗೆ ಹಾಕಿದಳು, ಬಿದ್ದವಳ ಬೆರಳಿಗೆ ಹಾಕಿದಳು. ಮೊಟ್ಟೆ ಹಾಗೇ ಉಳಿಯಿತು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಐರಾ, ನಿಮ್ಮಮ್ಮ ಹೋಗುವಾಗ ನೀನು ಪಕ್ಕದಲ್ಲೇ ಇದ್ಯಾ?”

“ಇದ್ದೆ.”

“ಕೂತಿದ್ಯಾ?”

“ಮತ್ತೆ ಕುಣೀತಾ ಇದ್ನಾ?” ಅಂದೆ. ಅವಳು ನಗಲಿಲ್ಲ. ಅಪ್ಪ ಹೋಗುವಾಗ ತಾನು ಆಸ್ಪತ್ರೆಯ ಮೊಗಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ, ಒಳಗೆ ಕೂರಲು ಆಗಲೇ ಇಲ್ಲ ಅಂತ ಹೇಳಿದಳು. ಅಮ್ಮ ಅದರ ಬಗ್ಗೆ ಈವರೆಗೆ ಒಂದು ಮಾತೂ ಆಡಿಲ್ಲ ಅಂದಳು. ನನಗೆ ನನ್ನ ನಾಲಿಗೆಯ ಮೇಲೆ ಸಿಟ್ಟು ಬಂತು.

ಮಸಿ ಹಾಕುವವರ ಮೇಜಿನ ಮೇಲೆ ಒಂದು ಸಣ್ಣ ಕನ್ನಡಿ ಇರುತ್ತದೆ. ಭಯ, ಅಳು, ನಗು ಬರೆಯುವಾಗ ತಮ್ಮ ಮುಖವನ್ನೇ ಹಾಗೆ ಮಾಡಿ ನೋಡಿಕೊಳ್ಳುವುದು ರೂಢಿ. ಸಂಜೆ ಹಾಂಕಾ ಆ ಕನ್ನಡಿ ಹತ್ತಿರಕ್ಕೆ ಎಳೆದುಕೊಂಡು, ಅರ್ಧ ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ನೋಡಿ ನೋಡಿ ಬರೆದಳು. ಪುಟ ಸಂಪಾದಕನ ಕೋಣೆಗೆ ಹೋಗುವಾಗ ನಾನು ಕಣ್ಣು ಹಾಯಿಸಿದೆ. ಹೂವಿನ ಸ್ಕಾರ್ಫಿನೊಳಗೆ ಸತ್ತು ಬಿದ್ದಿದ್ದವಳು ಹಾಂಕಾ. ಅಮ್ಮನನ್ನು ಉಳಿಸಿದೆ ಅನ್ನುವ ಸಮಾಧಾನದಲ್ಲಿ ಅವಳು ಆಗಲೇ ಕೋಟು ಹಾಕಿಕೊಳ್ಳುತ್ತಿದ್ದಳು. ಅಮ್ಮ ಈ ಪುಟವನ್ನೂ ಬಿಚ್ಚಿ ನೋಡುತ್ತಾರಲ್ಲ ಅಂತ ನಾನು ಹೇಳಬೇಕಿತ್ತು, ಹೇಳಲಿಲ್ಲ. ಸಂಪಾದಕ ನಾಯಕನ ಎದೆಯ ಲಾಂಛನ ಸರಿಯಿದೆಯೇ ಅಂತ ನೋಡಿ ರುಜು ಹಾಕಿದ. ಪಕ್ಕದ ಪಾತ್ರದ ಮುಖ ಯಾರು ನೋಡುತ್ತಾರೆ?

ನಮ್ಮ ಮೇಜಿನಿಂದ ಹೋದ ಪುಟ ಅಂಗಡಿಗೆ ಬರಲು ಮೂರು ತಿಂಗಳು ಬೇಕು. ಮೂರು ತಿಂಗಳೂ ಹಾಂಕಾ ನೆಟ್ಟಗೆ ನಿಲ್ಲಲಿಲ್ಲ. ಅಮ್ಮ ಕಾಣಲಿಲ್ಲವೆಂದು ಬೈದರೆ ಏನು ಹೇಳುವುದು ಅನ್ನುವುದಷ್ಟೇ ಅವಳ ಚಿಂತೆಯಾಗಿತ್ತು. ಅಷ್ಟರಲ್ಲಿ ಕಥೆಯ ನಾಯಕ ದುಃಖ ತಾಳಲಾರದೆ ಬೇರೊಂದು ಗ್ರಹಕ್ಕೆ ಹಾರಿ ಮೂರು ಸಂಚಿಕೆ ಅಲೆದು ವಾಪಸಾದ. ಕಥೆಯೊಳಗೆ ಕಳೆದದ್ದು ಒಂದೇ ದಿನವಂತೆ! ಹಾಗಾಗಿ ಮಿಸೆಸ್ ರೋಝಾಳ ಮಣ್ಣು ಇನ್ನೂ ಆಗಿರಲಿಲ್ಲ.

ಆ ಮಣ್ಣಿನ ಪುಟ ಹಾಂಕಾಳ ಮೇಜಿನ ಮೇಲಿದ್ದ ದಿನವೇ, ಹನ್ನೊಂದು ಗಂಟೆ ಹೊತ್ತಿಗೆ, ಬ್ರೋನ್ಯಾ ಬಂದರು. ಲಿಫ್ಟು ಕೆಟ್ಟಿತ್ತು, ಐದು ಮಹಡಿ ಹತ್ತಿಕೊಂಡೇ ಬಂದಿದ್ದರು. ಹಿಮ ಬಿದ್ದಾಗಲೂ ಅಂಗಡಿ ಮುಚ್ಚದ ಹೆಂಗಸು. ಕೈಯಲ್ಲಿ ಸುರುಳಿ ಸುತ್ತಿದ ಕಾಮಿಕ್ಸ್. ಯಾರನ್ನೂ ಕೇಳದೆ ನೇರ ಮಗಳ ಹತ್ತಿರ ಹೋಗಿ, ಗಲ್ಲ ಹಿಡಿದು, ಎಲೆಕೋಸು ಆರಿಸುವಾಗ ನೋಡುವ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ ಆ ಸುರುಳಿಯಿಂದಲೇ ಬೆನ್ನಿಗೆ ಒಂದು ಬಾರಿಸಿದರು. ನಲವತ್ತು ದಾಟಿದ ಮಗಳು.

“ಬೆಳಿಗ್ಗೆ ಕಟ್ಟು ಬಿಚ್ಚಿದೆ,” ಅಂದರು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. “ನನ್ನನ್ನ ಹುಡುಕಿದೆ. ನೀನು ಸಿಕ್ಕಿದೆ.”

“ಅಮ್ಮಾ, ಅದು ಬರೀ ಚಿತ್ರ.”

“ಅಂಗಡಿ ನಂದು. ಸ್ಕಾರ್ಫು ನಂದು. ಸಾವು ಮಾತ್ರ ನಿಂದು ಹೆಂಗಾಯ್ತು?”

ನಿನ್ನನ್ನು ಹಾಗೆ ಬರೆಯಲು ಕೈ ಬರಲಿಲ್ಲ ಅಂತ ಹಾಂಕಾ ಗೋಡೆ ಕಡೆ ನೋಡುತ್ತ ಹೇಳಿದಳು. ಬ್ರೋನ್ಯಾ ಮೇಜಿನ ಮೇಲಿದ್ದ ಪುಟ ನೋಡಿದರು. ಚರ್ಚು, ಮೇಣದಬತ್ತಿ, ತೆರೆದ ಶವಪೆಟ್ಟಿಗೆ, ಅದರಲ್ಲೊಂದು ಮೊಟ್ಟೆ. ಯಾರೂ ವಿವರಿಸಬೇಕಾಗಲಿಲ್ಲ. ಅವರು ತಲೆಯ ಸ್ಕಾರ್ಫು ಬಿಚ್ಚಿ ಮಗಳ ಕನ್ನಡಿಯ ಮೇಲೆ ಹೊದಿಸಿದರು. ಸಾವಾದ ಮನೆಯಲ್ಲಿ ಕನ್ನಡಿ ಮುಚ್ಚುವುದು ಅವರ ಪೋಲಿಷ್ ಜನರಲ್ಲೂ ಇದೆ, ನಮ್ಮ ಯಹೂದಿಗಳಲ್ಲೂ ಇದೆ. ಸ್ಕಾರ್ಫಿನ ಕೆಳಗೆ ಕೂದಲು ಅಷ್ಟು ತೆಳ್ಳಗಾಗಿದೆ ಅಂತ ನನಗೆ ಗೊತ್ತಿರಲಿಲ್ಲ. ಹಾಂಕಾಳಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

“ಅಕ್ಷರದವರೇ, ಸ್ವಲ್ಪ ಜಾಗ ಬಿಡಿ,” ಅಂತ ಅವರು ನನಗೆ ಹೇಳಿದರು. ಕಾಗದ ಕತ್ತರಿಸುವ ಉದ್ದ ಮೇಜಿನಿಂದ ನನ್ನ ಸ್ಕೇಲು, ಅಂಟು ಎಲ್ಲ ಎತ್ತಿಟ್ಟೆ. ಅವರು ಬೂಟು ಸಮೇತ ಅದರ ಮೇಲೆ ಅಂಗಾತ ಮಲಗಿ, ಎದೆಯ ಮೇಲೆ ಕೈ ಜೋಡಿಸಿ, ಕಣ್ಣು ಮುಚ್ಚಿದರು.

“ಹ್ಞಾಂ, ಈಗ ಬರಿ.”

ಹಾಂಕಾ ಕುಂಚ ತೆಗೆದುಕೊಂಡಳು, ಇಟ್ಟಳು. ಲೋಟ ಎತ್ತಿಕೊಂಡು ಬಾಗಿಲ ಕಡೆ ಹೊರಟಳು.

“ಎಲ್ಲಿಗೆ?” ಕಣ್ಣು ಬಿಡದೆ ಕೇಳಿದರು ಬ್ರೋನ್ಯಾ.

“ನೀರು ಬದಲಾಯಿಸೋಕೆ.”

“ನೀರು ಚೆನ್ನಾಗೇ ಇದೆ. ಕೂತ್ಕೋ.” ಎದೆಯ ಮೇಲಿನ ಕೈ ಸರಿಮಾಡಿಕೊಂಡರು. “ನಿಮ್ಮಪ್ಪ ಕೊನೇವರೆಗೂ ಬಾಗಿಲು ನೋಡ್ತಾ ಇದ್ರು. ನಾನು ನಿನಗೆ ಹೇಳಿರಲಿಲ್ಲ. ನನ್ನ ಕೈಲಿ ಹಂಗೆ ಬಾಗಿಲು ನೋಡಿಸಬೇಡ. ಈಗಲೇ ಅಭ್ಯಾಸ ಮಾಡ್ಕೋ.”

ಹಾಂಕಾ ಬಾಗಿಲಲ್ಲೇ ನಿಂತಳು. ಕಿಟಕಿ ಪಕ್ಕದ ದೊಡ್ಡ ಮನುಷ್ಯ ಕೂಡ ಕುಂಚ ಎತ್ತಿ ಹಿಡಿದುಕೊಂಡು ಹಾಗೇ ಇದ್ದ. ಸಂಪಾದಕ ಕೋಣೆಯಿಂದ ಹೊರಗೆ ಬಂದವನು ಮೇಜಿನ ಮೇಲೆ ಮಲಗಿದವರನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ನನ್ನ ಕುರ್ಚಿ ಎಳೆದು ಬ್ರೋನ್ಯಾರ ತಲೆಯ ಹತ್ತಿರ ಇಟ್ಟೆ. ಬಹಳ ಹೊತ್ತಾದ ಮೇಲೆ ಹಾಂಕಾ ವಾಪಸು ಬಂದು ಅದರಲ್ಲಿ ಕೂತಳು, ತೊಡೆಯ ಮೇಲೆ ಪುಟದ ಹಲಗೆ ಇಟ್ಟುಕೊಂಡಳು, ಅಮ್ಮನ ಮುಖ ನೋಡಿದಳು. ಮೊದಲು ಹುಬ್ಬು ಬರೆದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಪುಟದ ಮೇಲೆ ಬೀಳದ ಹಾಗೆ ತೋಳಿನಿಂದ ಒರೆಸಿಕೊಂಡು ಬರೆಯುತ್ತಿದ್ದಳು.

ನಡುವೆ ಬ್ರೋನ್ಯಾ ಒಂದು ಕಣ್ಣು ತೆರೆದು ಪುಟವನ್ನೂ ಮಗಳನ್ನೂ ನೋಡಿದರು. ಮೂಗು ಅಷ್ಟು ದೊಡ್ಡದಿಲ್ಲ ಅಂದು ಮತ್ತೆ ಮುಚ್ಚಿಕೊಂಡರು. ಚಿತ್ರದ ಚರ್ಚಿನ ಮುಂದಿನ ಸಾಲಿನಲ್ಲಿ ಅಳುವವರ ನಡುವೆ ಇನ್ನೊಂದು ಮೊಟ್ಟೆ ಖಾಲಿ ಇತ್ತು. ಅದಕ್ಕೆ ಹಾಂಕಾ ತನ್ನ ಮುಖ ಕೊಟ್ಟಳು, ಕನ್ನಡಿ ಕೇಳಲಿಲ್ಲ. ಅಷ್ಟು ಹೊತ್ತಿಗೆ ಲೋಟದ ನೀರು ಮಸಿಯ ಹಾಗೆ ಕಪ್ಪಾಗಿತ್ತು. ಅವಳು ಏಳಲಿಲ್ಲ.