ಅರ್ಧಕ್ಕೆ ನಿಂತ ಬ್ಯಾಕಪ್, ಅರ್ಧ ಬಂದ ಹಿಂದಿ

“ಸಬ್ ಲಟಕ್ ಗಯೇ!”

ಸಾಳವಿ ಸರ್ ಹೀಗೆ ಕೂಗಿದಾಗ ನಾನು ಕಿಟಕಿಯತ್ತ ಓಡಿದೆ. ಲೋಕಲ್ ರೈಲಿನ ಬಾಗಿಲಲ್ಲಿ ಜೋತುಬಿದ್ದವರನ್ನು ಆಗಷ್ಟೇ ನೋಡಿ ಬಂದಿದ್ದೆ. ಯಾರೋ ಬಿದ್ದರು ಅಂದುಕೊಂಡೆ. ಅವರು ಹೇಳಿದ್ದು ಬ್ಯಾಕಪ್ ಸರ್ವರಿನ ಸುದ್ದಿ. ‘ಲಟಕ್‌ನಾ’ ಅಂದರೆ ನೇತಾಡುವುದು ಅಷ್ಟೇ ಅಲ್ಲ, ನಡುವೆ ಸಿಕ್ಕಿಕೊಂಡು ನಿಲ್ಲುವುದೂ ಹೌದು.

ಧಾರವಾಡ ಬಿಟ್ಟು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಮುಲುಂಡಿನ ಒಂದು ಸೊಸೈಟಿಯಲ್ಲಿ ಕೋಣೆ ಹಿಡಿದಿದ್ದೆ. ಸೊಸೈಟಿ ಅಂದರೆ ಇಲ್ಲಿ ಸಂಘವಲ್ಲ, ಒಂದೇ ಗೇಟಿನೊಳಗಿನ ಫ್ಲ್ಯಾಟುಗಳ ಗುಂಪು. ಅಲ್ಲಿಂದ ಕುರ್ಲಾದಲ್ಲಿ ರೈಲು ಬದಲಿಸಿ ವಡಾಲದ ಆಸ್ಪತ್ರೆಗೆ ಬರುತ್ತಿದ್ದೆ. ಅಲ್ಲಿನ ಕಂಪ್ಯೂಟರ್ ವಿಭಾಗದಲ್ಲಿ ನನ್ನ ಕೆಲಸ. ಸಾಳವಿ ಸರ್ ಮುಖ್ಯಸ್ಥರು. ಧಾರವಾಡದಲ್ಲೂ ಇದೇ ಕೆಲಸ ಮಾಡುತ್ತಿದ್ದೆ. ಆದರೆ ಊರಲ್ಲಿ ಯಂತ್ರ ಕೆಟ್ಟರೆ ಮೊದಲು ಚಹಾ ಬರುತ್ತಿತ್ತು. ಇಲ್ಲಿ ಮೊದಲು ಫೋನುಗಳು ಬಡಿದುಕೊಳ್ಳುತ್ತವೆ.

ಆ ಬೆಳಿಗ್ಗೆ ಕ್ಯಾನ್ಸರ್ ವಾರ್ಡಿನ ಸರ್ವರಿನ ಡಿಸ್ಕ್ ಕಟಕಟ ಸದ್ದು ಮಾಡತೊಡಗಿತ್ತು. ಯಾವ ರೋಗಿಗೆ ಯಾವ ಔಷಧ ಎಷ್ಟು ಹೋಗಿದೆ, ಮುಂದೆ ಎಷ್ಟು ಹೋಗಬೇಕು, ಎಲ್ಲವೂ ಅದರೊಳಗೆ. ಡಿಸ್ಕ್ ಸಾಯುವ ಮೊದಲು ನಕಲು ತೆಗೆಯಬೇಕು. ನಕಲು ತೆಗೆಯಬೇಕಾದ ಬ್ಯಾಕಪ್ ಸರ್ವರೇ ಉಸಿರುಗಟ್ಟಿ ಕೂತಿತ್ತು. ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿತ್ತು, ಒಂದು ಫೈಲೂ ಮುಂದೆ ಹೋಗುತ್ತಿರಲಿಲ್ಲ. ವಿಭಾಗಗಳ ಸಂಪರ್ಕಗಳೆಲ್ಲ ಪರದೆಯ ಮೇಲೆ ‘ನಡೆಯುತ್ತಿದೆ’ ಎಂದೇ ತೋರಿಸುತ್ತಿದ್ದವು. ಹಾಗಾಗಿಯೇ ಯಾರಿಗೂ ಗೊತ್ತಾಗಿರಲಿಲ್ಲ: ಆ ವಾರ್ಡಿನ ಪೂರ್ತಿ ನಕಲು ಆಗದೆ ಎಷ್ಟೋ ದಿನವಾಗಿತ್ತು.

“ರೀಸ್ಟಾರ್ಟ್ ಮಾಡೋಣ,” ಎಂದು ಸಾಳವಿ ಸರ್ ಕೈ ಚಾಚಿದರು.

“ಮತ್ ಕರೋ!” ಎಂದೆ.

ಅವರ ಕೈ ಅಲ್ಲೇ ನಿಂತಿತು. ಧಾರವಾಡದಲ್ಲಾದರೆ “ಮಾಡಬ್ಯಾಡ್ರಿ” ಅನ್ನುತ್ತಿದ್ದೆ. ಒಂದು ‘ರಿ’ಯಲ್ಲಿ ಮರ್ಯಾದೆಯೆಲ್ಲ ಇರುತ್ತದೆ. ಹಿಂದಿಯಲ್ಲಿ ಆ ‘ರಿ’ಯನ್ನು ಎಲ್ಲಿ ಅಂಟಿಸಬೇಕೋ ನನಗಿನ್ನೂ ಬಂದಿರಲಿಲ್ಲ.

“ನನಗೇ ಆರ್ಡರಾ?” ಎಂದು ಅವರು ಹಿಂದಿಯಲ್ಲೇ ಕೇಳಿದರು.

ಕ್ಷಮೆ ಕೇಳಿದೆ, ಕುರ್ಚಿ ಮಾತ್ರ ಬಿಡಲಿಲ್ಲ. ಹಿಂದಿ, ಇಂಗ್ಲಿಷು ಬೆರೆಸಿ ಹೇಳಿದೆ: ರೀಸ್ಟಾರ್ಟ್ ಮಾಡಿದರೆ ಎಲ್ಲ ವಿಭಾಗಗಳೂ ಒಮ್ಮೆಲೇ ನುಗ್ಗುತ್ತವೆ, ಮತ್ತೆ ಸಿಕ್ಕಿಕೊಳ್ಳುತ್ತವೆ, ಸಾಯುತ್ತಿರುವ ಡಿಸ್ಕನ್ನು ಎರಡೆರಡು ಸಲ ಮೊದಲಿನಿಂದ ಓದಿಸಿದರೆ ಅದು ತಾಳುವುದಿಲ್ಲ. ಪ್ರೊಸೆಸರನ್ನು ತಿನ್ನುತ್ತಿದ್ದುದು ಹೊಸದಾಗಿ ಹಾಕಿದ್ದ ಆಂಟಿವೈರಸ್. ಬರುವ ಪ್ರತಿ ತುಣುಕನ್ನೂ ಅದು ತಡೆದು ತಪಾಸಣೆ ಮಾಡುತ್ತಿತ್ತು. ಕಾದು ಸೋತ ಯಂತ್ರಗಳು ಹೊಸ ಸಂಪರ್ಕ ತೆರೆಯುತ್ತಿದ್ದವು, ಹಳೆಯವು ಸಾಯದೆ ಹಾಗೇ ಉಳಿಯುತ್ತಿದ್ದವು.

“ನಕಲು ಇಡುವ ಜಾಗಕ್ಕಷ್ಟೇ ತಪಾಸಣೆ ನಿಲ್ಲಿಸಬೇಕು ಸರ್. ಉಳಿದ ವಿಭಾಗಗಳನ್ನು ತಡೆದು, ವಾರ್ಡೊಂದನ್ನೇ ಬಿಡೋಣ.”

“ವೈರಸ್ ಬಂದರೆ?”

“ಡಿಸ್ಕ್ ಹೋದರೆ?”

ಅವರು ಹಣೆ ಒರೆಸಿಕೊಂಡು ಮೇಲಿನವರಿಗೆ ಫೋನ್ ಮಾಡಿದರು. “ಜವಾಬ್ದಾರಿ ನನ್ನದು,” ಎಂದು ಅವರು ಹೇಳಿದ್ದು ಕೇಳಿಸಿತು. ನನ್ನ ಕಡೆ ತಿರುಗಿ, “ನೀನು ವಾರ್ಡಿಗೆ ಓಡು. ಅವರು ಎಂಟ್ರಿ ನಿಲ್ಲಿಸಲಿ,” ಎಂದರು.

ವಾರ್ಡಿನಲ್ಲಿ ಕುರ್ಚಿಗಳ ಸಾಲು, ಪ್ರತಿಯೊಬ್ಬರ ಕೈಗೂ ಸಲೈನ್ ನಳಿಗೆ. ಸಿಸ್ಟರ್ ಜಯಂತಿ ನನ್ನ ಹರಕು ಹಿಂದಿಯನ್ನು ಅರ್ಧಕ್ಕೇ ತಡೆದರು. ಈಗ ಆಗುವುದಿಲ್ಲ, ಡೋಸ್ ನೋಡದೆ ಔಷಧ ಹಾಕಲಿಕ್ಕಾಗದು ಎಂದರು. ಅಷ್ಟರಲ್ಲಿ ಮೂಲೆಯಲ್ಲಿದ್ದ ಸರ್ವರಿನಿಂದ ಮತ್ತೆ ಕಟಕಟ.

“ಯವ್ವಾ, ಹೋತಿದು!” ಬಾಯಿಂದ ಬಂದೇಬಿಟ್ಟಿತು.

ಸಿಸ್ಟರ್ ಕಣ್ಣರಳಿಸಿದರು. “ಕನ್ನಡದವರಾ ನೀವು? ನಾನು ಉಡುಪಿ ಕಡೆಯವಳು ಮಾರಾಯ್ರೆ. ಸರಿಯಾಗಿ ಹೇಳಿ, ಎಂತ ಆಗಿದೆ?”

ಹೇಳಿದೆ. ಕನ್ನಡದಲ್ಲಿ ಹೇಳುವಾಗ ಒಂದು ಶಬ್ದಕ್ಕೂ ತಡವರಿಸಲಿಲ್ಲ. ಅವರು ಕುರ್ಚಿಗಳನ್ನೊಮ್ಮೆ ನೋಡಿದರು. ಆ ದಿನದ ಡೋಸುಗಳನ್ನೆಲ್ಲ ಮುದ್ರಿಸಿಕೊಂಡು, ಪ್ರತಿಯೊಂದನ್ನೂ ಡಾಕ್ಟರರಿಗೆ ತೋರಿಸಿ, “ಇನ್ನು ಕಾಗದದಲ್ಲೇ ಬರೆಯುವ,” ಎಂದು ತಮ್ಮವರಿಗೆ ಹೇಳಿದರು.

ಕೆಳಗೆ ಬಂದಾಗ ಸಾಳವಿ ಸರ್ ಸಿಕ್ಕಿಬಿದ್ದ ಸಂಪರ್ಕಗಳನ್ನು ಒಂದೊಂದಾಗಿ ಕಡಿಯುತ್ತಿದ್ದರು. ಪ್ರೊಸೆಸರಿನ ಗೆರೆ ಮೆಲ್ಲಗೆ ಇಳಿಯಿತು. ವಾರ್ಡಿನ ಸರ್ವರನ್ನು ಬಿಟ್ಟೆವು. ಮೊದಲ ಫೈಲು ಹೋಯಿತು, ಆಮೇಲೆ ಸಾಲಾಗಿ. ನಡುವೆ ಒಮ್ಮೆ ನಿಂತಿತು. ಮತ್ತೆ ಹೊರಟಿತು. ಕೊನೆಯ ತುಣುಕಿನ ಹೊತ್ತಿಗೆ ಡಿಸ್ಕ್ ಪೂರ್ತಿ ಕೈಕೊಟ್ಟಿತು. ಹೋದದ್ದು ಆ ಬೆಳಗಿನ ಕೆಲವು ನಮೂದುಗಳು ಮಾತ್ರ. ಸಂಜೆ ಸಿಸ್ಟರ್ ಅವನ್ನು ತಾವೇ ಕೂತು ಮತ್ತೆ ತುಂಬಿಸಿದರು.

ಹೊರಡುವಾಗ ಸಾಳವಿ ಸರ್, “ಗಿರಿಜಾ, ನಾಳೆಯಿಂದ ‘ಮತ್ ಕೀಜಿಯೇ’ ಅನ್ನು,” ಎಂದು ಹಿಂದಿಯ ‘ರಿ’ ಹೇಳಿಕೊಟ್ಟು ನಕ್ಕರು. ಆಮೇಲೆ, “ಬೇಡ ಅನ್ನೋದನ್ನ ಮಾತ್ರ ಬಿಡಬೇಡ.”

ವಡಾಲ ಸ್ಟೇಷನ್ನಿನಲ್ಲಿ ನಿಂತಿದ್ದಾಗ ಅವ್ವನ ಫೋನ್ ಬಂತು. ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡೆ.

“ಮನಿಗೆ ಯಾವಾಗ ಬರ್ತಿ?”

“ಹೊಂಟೇನವ್ವಾ, ಇನ್ನೊಂದ್ ತಾಸಿನಾಗ ಮುಟ್ಟತೇನಿ.”

“ತಾಸಿನಾಗ ಹೆಂಗ?” ಎಂದಳು ಅವ್ವ. ಅವಳು ಕೇಳಿದ್ದು ಧಾರವಾಡದ ಮನೆ ಎಂದು ನನಗೆ ಹೊಳೆಯುವಷ್ಟರಲ್ಲಿ ರೈಲು ಬಂದು ನಿಂತು, ಹಿಂದಿನವರು ನನ್ನನ್ನು ಒಳಗೆ ತಳ್ಳಿದ್ದರು.