ತಪ್ಪು ಹೇಳಿ ಸೇರುವ ಸಂಘ

ನಮ್ಮ ಅಧ್ಯಕ್ಷೆ ಮಾತನಾಡುವಾಗ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಒಂಟಿ ಕೊಳವೆಯ ಹಳೇ ಸೂಕ್ಷ್ಮದರ್ಶಕಕ್ಕೆ ಬಲಗಣ್ಣಿಟ್ಟು ಬದುಕೆಲ್ಲ ರಕ್ತ ನೋಡಿದವರಿಗೆ ಅಂಟಿಕೊಳ್ಳುವ ಅಭ್ಯಾಸ ಅದು. ಗೊತ್ತಿಲ್ಲದವರು, ಇದೇನಪ್ಪ ಈಯಮ್ಮ ಕಣ್ಣು ಹೊಡೆದರಲ್ಲ ಎಂದು ಗಾಬರಿಯಾಗುತ್ತಿದ್ದರು. ಕೊಳ್ಳೇಗಾಲದ ರೇಷ್ಮೆ ಸೀರೆ ವ್ಯಾಪಾರಿಯೊಬ್ಬರು ಹಾಗೇ ಗಾಬರಿಬಿದ್ದು ಸೀರೆಯ ಬೆಲೆ ಇಳಿಸಿಬಿಟ್ಟರಂತೆ. ಹಾಗೆಂದು ಅಧ್ಯಕ್ಷೆಯೇ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು.

ಸರ್ಕಾರಿ ಆಸ್ಪತ್ರೆಯ ಪ್ರಯೋಗಾಲಯದಿಂದ ನಿವೃತ್ತರಾದ ಮೇಲೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸ್ವಂತ ಲ್ಯಾಬ್ ಇಟ್ಟಿದ್ದರು. ಕೊಳ್ಳೇಗಾಲ, ಹನೂರು, ಯಳಂದೂರು ತಾಲೂಕುಗಳ ಲ್ಯಾಬುಗಳಲ್ಲಿ ಊರವರ ರಕ್ತ, ಮೂತ್ರ, ಕಫ ನೋಡಿಕೊಂಡು ಒಬ್ಬೊಬ್ಬರೇ ಕೂತಿದ್ದ ನಮ್ಮಂಥವರನ್ನು ಸೇರಿಸಿ ಸಂಘ ಕಟ್ಟಿದವರೂ ಅವರೇ, ಅದರ ಅಧ್ಯಕ್ಷೆಯೂ ಅವರೇ. ಚುನಾವಣೆ ಗಿನಾವಣೆ ನಡೆದದ್ದು ನಾನಂತೂ ಕಾಣೆ. "ಯಾರಾರ ನಿಲ್ತೀರೇನ್ರಪ್ಪ?" ಎಂದು ಕೇಳುವರು. ಯಾರೂ ಉಸಿರೆತ್ತುತ್ತಿರಲಿಲ್ಲ. "ಸರಿ, ಮುಂದಕ್ಕೋಗಣ" ಎಂದು ತಾವೇ ಕುರ್ಚಿ ಎಳೆದುಕೊಳ್ಳುವರು.

ನಾನು ಕುಂತೂರಿನವಳು. ಎಂ.ಎಸ್ಸಿ. ಮುಗಿಸಿ ಕೊಳ್ಳೇಗಾಲದ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿಗೆ ಸೇರಿದ್ದೆ. ಮೂಗಿನ ತುದಿಯಲ್ಲೇ ಕೋಪ. ಸಂಘದ ಸದಸ್ಯತ್ವದ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರೆ ರೋಗಿಗಳಿಗೆ ನಂಬಿಕೆ ಬರುತ್ತದೆ ಎಂದು ನಮ್ಮ ಡಾಕ್ಟರು ಹೇಳಿದ್ದರಿಂದ ಒಂದು ಭಾನುವಾರ ಸಂಘದ ಸಭೆಯ ಹೊತ್ತಿಗೆ ಅಧ್ಯಕ್ಷೆಯ ಲ್ಯಾಬಿಗೆ ಹೋದೆ. ರೇಷ್ಮೆ ಸೀರೆಯ ಮೇಲೆ ಬಿಳಿ ಕೋಟು ಹಾಕಿಕೊಂಡು ಕೂತಿದ್ದರು. ಸಭೆಗೆ ಅದೇ ಅವರ ಉಡುಪು. ನನ್ನ ಪದವಿಯನ್ನೆಲ್ಲ ತಲೆದೂಗಿ ಕೇಳಿಸಿಕೊಂಡರು.

"ಬೋ ಸಂತೋಸ ಕಣವ್ವ. ಈಗ ನಿನ್ನ ತಪ್ಪೇಳು."

"ಯಾವ ತಪ್ಪು ಮೇಡಂ?"

"ಲ್ಯಾಬಲ್ಲಿ ನೀ ಮಾಡಿರದು. ಒಂದೇಳುದ್ರೆ ಸಾಕು. ಇಲ್ಲಿ ಸೇರೋರೆಲ್ಲ ಏಳವ್ರೆ."

ಸುತ್ತ ಕೂತಿದ್ದವರು ನನ್ನನ್ನೇ ನೋಡುತ್ತಿದ್ದರು. ಮೈಯೆಲ್ಲ ಉರಿದುಹೋಯಿತು. ನಾನು ಯಾವ ತಪ್ಪೂ ಮಾಡಿಲ್ಲ ಎಂದೆ.

"ಅಂಗಾರೆ ನೀನಿನ್ನೂ ಕೆಲ್ಸಕ್ಕೆ ಕೈಯೇ ಅಚ್ಚಿಲ್ಲ ಬುಡು. ಅಚ್ಚುದ್ಮೇಲೆ ಬಾ. ಅಲ್ಲೀಗಂಟ ಬಂದು ಕಾಪಿ ಕುಡ್ಕಂಡೋಗು, ಯಾರೂ ಬ್ಯಾಡ ಅನ್ನಲ್ಲ."

ಎಂಥ ಅವಮಾನ! ಮುಖ ಊದಿಸಿಕೊಂಡು ಮನೆಗೆ ಬಂದೆ. ಆದರೂ ಮುಂದಿನ ತಿಂಗಳು ಹೋದೆ, ಆಮೇಲಿನ ತಿಂಗಳೂ ಹೋದೆ. ನಿಜ ಹೇಳಬೇಕೆಂದರೆ, ಕಾಲೇಜಿನಲ್ಲಿ ಯಾರೂ ಕಲಿಸದ್ದನ್ನು ಆ ಕೋಣೆಯಲ್ಲಿ ಕೇಳುತ್ತಿದ್ದೆ. ಕರೆಂಟು ಹೋಗಿ ಫ್ರಿಜ್ಜಿನಲ್ಲಿ ಕೆಟ್ಟ ಮದ್ದಿನಿಂದ ಒಬ್ಬರ ಪರೀಕ್ಷೆ ಹಾಳಾಗಿತ್ತು. ಗಾಜಿಗೆ ಸವರಿದ ರಕ್ತಕ್ಕೆ ಬಣ್ಣವನ್ನು ಸೋಸದೆ ಹಾಕಿ ಅದರ ಕಸವನ್ನೇ ರೋಗಾಣು ಎಂದುಕೊಂಡವರು ಇನ್ನೊಬ್ಬರು. ಹೇಳಿದವರನ್ನು ಯಾರೂ ಆಡಿಕೊಳ್ಳುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಅಧ್ಯಕ್ಷೆ, "ಇದು ಇವತ್ಗೆ ಎಲ್ರ ತಪ್ಪು. ನಾಳಿಕ್ಕೆ ಯಾರೂ ಮಾಡಂಗಿಲ್ಲ" ಎನ್ನುವರು.

ಹೀಗಿರುವಾಗ ಹನೂರಿನ ಸಂಗತಿ ನಡೆಯಿತು. ಅಲ್ಲಿನ ಲ್ಯಾಬೊಂದರಲ್ಲಿ ಸಂಬಳಕ್ಕಿದ್ದ ನಮ್ಮ ಸದಸ್ಯರೊಬ್ಬರು, ಎರಡು ಮಕ್ಕಳ ತಂದೆ, ಆ ತಿಂಗಳ ಸಭೆಯಲ್ಲಿ ಅತ್ತುಬಿಟ್ಟರು. ಜ್ವರದ ಕಾಲ, ಲ್ಯಾಬಿನ ತುಂಬ ಜನ. ಕಾಡಂಚಿನ ಊರಿನ ಹೆಂಗಸೊಬ್ಬಳ ಪ್ಲೇಟ್‌ಲೆಟ್ ಪಾತಾಳಕ್ಕಿಳಿದಿದೆ ಎಂದು ಯಂತ್ರ ತೋರಿಸಿತು, ಇವರು ಹಾಗೇ ವರದಿ ಕೊಟ್ಟರು. ಮನೆಯವರು ಇನ್ನು ಬದುಕುವುದಿಲ್ಲ ಎಂದು ಗೋಳಾಡುತ್ತ ಅವಳನ್ನು ಮೈಸೂರಿಗೆ ಹೊತ್ತುಕೊಂಡು ಹೋದರು. ಅಲ್ಲಿ ನೋಡಿದರೆ ಎಲ್ಲ ಸರಿಯಾಗಿದೆ. ರಕ್ತ ಹೆಪ್ಪುಗಟ್ಟದಿರಲೆಂದು ಸೀಸೆಯಲ್ಲಿ ಹಾಕುವ ಮದ್ದು ಎಲ್ಲೋ ಕೆಲವರ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಯಂತ್ರಕ್ಕೆ ಆ ಗುಂಪನ್ನು ಎಣಿಸಲು ಬರುವುದಿಲ್ಲ, ಇಲ್ಲವೆಂದೇ ಹೇಳುತ್ತದೆ. ಗಾಜಿನ ಮೇಲೆ ಒಂದು ತೊಟ್ಟು ಸವರಿ ಕಣ್ಣಿಂದ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಇವರು ನೋಡಿರಲಿಲ್ಲ.

ಸಭೆಯ ಮಾತು ಯಾರ ಬಾಯಿಂದ ಹೋಯಿತೋ, ವಾರದೊಳಗೆ ಲ್ಯಾಬಿನ ಮಾಲೀಕರ ಕಿವಿಗೆ ಬಿತ್ತು. ನಾಳೆಯಿಂದ ಬರಬೇಡ ಎಂದುಬಿಟ್ಟರು. ಸುದ್ದಿ ತಿಳಿದದ್ದೇ ಅಧ್ಯಕ್ಷೆ ನನ್ನ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತರು. "ಏಳವ್ವ, ಅನೂರ್ಗೋಗಿ ಬರಣ. ನಮ್ಮನ್ನ ನಂಬಿ ಬಾಯ್ಬುಟ್ಟ ಪಾಪ. ಈಗವನ ಕೆಲ್ಸ ಓದ್ರೆ ಇನ್ಯಾವನು ಬಾಯ್ಬುಡ್ತಾನೆ?"

ಮಾಲೀಕರು ಕೆಟ್ಟವರೇನಲ್ಲ, ಹೆದರಿದ್ದರು. "ನೀವೇ ಏಳಿ ಮೇಡಮ್ಮೋರೆ, ಜನಕ್ಕೆ ಗೊತ್ತಾದ್ರೆ ನನ್ ಬಾಗ್ಲಿಗ್ ಯಾರ್ ಬತ್ತಾರೆ?" ಎಂದು ಪಿಸುಗುಟ್ಟಿದರು. ಹೊರಗೆ ಬೆಂಚಿನ ಮೇಲೆ ರೋಗಿಗಳು ಸಾಲಾಗಿ ಕೂತಿದ್ದರು. ಅಧ್ಯಕ್ಷೆಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ಬಾಗಿಲನ್ನು ಪೂರ್ತಿ ತೆರೆದು ಬೆಂಚಿನವರಿಗೂ ಕೇಳುವ ಹಾಗೆ ಶುರುಮಾಡಿದರು.

"ನಂದೂ ಒಂದದೆ, ಕೇಳಿ. ನಾನು ಸರ್ಕಾರಿ ಆಸ್ಪತ್ರೆಲಿದ್ದಾಗ ಒಂದೇ ಬೆಳಿಗ್ಗೆ ಇಬ್ರು ಮಾದೇವಮ್ಮಂದಿರು ಬಂದಿದ್ರು. ಈ ಸೀಮೇಲಿ ಮಾದೇವಮ್ಮ ಇಲ್ದಿರೋ ಮನೆ ಯಾವ್ದದೆ? ಒಬ್ಬಳ ರಕ್ತವ ಇನ್ನೊಬ್ಬಳ ಲೆಕ್ಕಕ್ಕೆ ಆಕ್ಬುಟ್ಟೆ. ಸಕ್ರೆ ಕಾಯ್ಲೆ ಇಲ್ದೋಳು ಮಾತ್ರೆ ನುಂಗಿ ಗದ್ದೇಲಿ ಗ್ಯಾನ ತಪ್ಪಿ ಬಿದ್ಲು. ಎತ್ಕಂಡ್ ಬಂದ್ರಲ್ಲ, ಆಗ ಗೊತ್ತಾಯ್ತು ನಂಗೆ. ಅವ್ಳು ಬದುಕಿದ್ದು ನನ್ ಪುಣ್ಯ. ಅವತ್ತು ನನ್ನ ಮನೆಗೆ ಕಳಿಸ್ಬುಟ್ಟಿದ್ರೆ, ಸೀಸೆ ಮೇಲೆ ಎಸ್ರಿನ ಜೊತೆ ಊರು, ಅವ್ವನ ಎಸ್ರು ಎರಡ್ನೂ ಬರೀಬೇಕು ಅಂತ ಈ ಮೂರು ತಾಲೂಕಿಗೆ ಯಾರ್ ಕಲಿಸ್ತಿದ್ರು? ಈಗ ನೀವ್ ಬ್ಯಾಡ ಅಂದಿರೋ ಇವ್ನು ಗಾಜು ನೋಡ್ದೆ ವರದಿ ಕೊಡಲ್ಲ, ಸಾಯೋಗಂಟ ಕೊಡಲ್ಲ. ನೀವು ಒಸಬನ್ನ ತತ್ತೀರ. ಅವ್ನು ಇದ್ನೇ ಮೊದ್ಲಿಂದ ಮಾಡ್ಬೇಕು. ಯಾವ್ದು ವಾಸಿ ಸಾ?"

ಬೆಂಚಿನಿಂದ ಮುದುಕರೊಬ್ಬರು ತೋಳು ಮೇಲೇರಿಸಿಕೊಂಡು ಎದ್ದರು. "ಅಮ್ಮಣ್ಣಿ ಏಳದು ಸರಿ ಕಣ್ರಿ. ಮುಚ್ಚಿಕ್ಕಳೋನ್ಗಿಂತ ಇವ್ನೇ ವಾಸಿ. ನನ್ ರಕ್ತವ ಅವ್ನೇ ತಗೀಲಿ." ಅಲ್ಲಿಗೆ ಕೆಲಸ ಉಳಿಯಿತು.

ಆದರೆ ಅಧ್ಯಕ್ಷೆಯ ಮಾದೇವಮ್ಮನ ಕಥೆ ಅವರಿಗಿಂತ ಮೊದಲು ಕೊಳ್ಳೇಗಾಲ ತಲುಪಿತ್ತು. ಅವರ ಲ್ಯಾಬಿಗೆ ಬರುವವರು ಕಡಿಮೆಯಾದರು. ಬೀದಿಯಲ್ಲಿ ಕೆಲವರು ಅವರ ಮುಖ ನೋಡದೆ ದಾಟಿಕೊಂಡು ಹೋಗುವುದನ್ನು ನಾನೇ ಕಂಡೆ. ಊರಿಗೆಲ್ಲ ಸಾರುವುದು ಯಾಕೆ ಬೇಕಿತ್ತು ಎಂದು ಅವರ ಮೇಲೇ ರೇಗಿದೆ. "ಇರ್ಲಿ ಬುಡವ್ವ. ಗೊತ್ತಿದ್ದೂ ಬರೋರು ಬಂದ್ರೆ ಸಾಕು" ಎಂದು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟರು. ಅವರಿಗೂ ನೋವಾಗಿತ್ತು.

ಮುಂದಿನ ಭಾನುವಾರದ ಸಭೆಯಲ್ಲಿ ನಾನು ಎದ್ದು ನಿಂತು ನನ್ನದನ್ನೂ ಹೇಳಿ ಸಂಘ ಸೇರಿದೆ. ಏನೆಂದು ಇಲ್ಲಿ ಬರೆಯುವುದಿಲ್ಲ. ಅದು ಆ ಕೋಣೆಯ ಮಾತು. ಪ್ರಮಾಣಪತ್ರ ಈಗಲೂ ಕಪಾಟಿನಲ್ಲೇ ಇದೆ, ಕಟ್ಟು ಹಾಕಿಸಬೇಕೆಂದು ಆಮೇಲೆ ಅನ್ನಿಸಲಿಲ್ಲ.

ಅಧ್ಯಕ್ಷೆ ತೀರಿಕೊಂಡು ವರ್ಷವಾಗುತ್ತ ಬಂತು. ಅದಕ್ಕೆ ಮುಂಚೆ ಒಂದು ದಿನ, ಬೋ ಸುಸ್ತು ಕಣವ್ವ, ಮೈಮೇಲೆಲ್ಲ ನೀಲಿ ಕಲೆ ಬತ್ತದೆ ಎಂದು ತಮ್ಮ ಲ್ಯಾಬಿದ್ದರೂ ನನ್ನ ಹತ್ತಿರವೇ ರಕ್ತ ಕೊಡಲು ಬಂದರು. ಬಿಳಿಯ ಕಣಗಳು ಎಷ್ಟಿರಬೇಕೋ ಅದಕ್ಕಿಂತ ಎಷ್ಟೋ ಪಟ್ಟು ಇದ್ದವು, ರಕ್ತದ ಕ್ಯಾನ್ಸರಿನ ಗುರುತು. ಯಂತ್ರ ತೊಳೆದು ಮತ್ತೆ ಹಾಕಿದೆ. ಹೊಸದಾಗಿ ರಕ್ತ ತೆಗೆದು ಹನೂರಿಗೆ ಕಳಿಸಿದೆ, ಯಳಂದೂರಿಗೂ ಕಳಿಸಿದೆ. ದೇವರೇ, ತಪ್ಪು ನನ್ನದೇ ಆಗಿರಲಿ, ಎಲ್ಲರೆದುರು ನಿಂತು ಹೇಳಿಕೊಳ್ಳುತ್ತೇನೆ ಎಂದು ಬೇಡಿಕೊಂಡೆ. ಹನೂರಿನ ಆ ಸದಸ್ಯರು ಗಾಜನ್ನೂ ನೋಡಿ ಫೋನ್ ಮಾಡಿದರು, ಯಳಂದೂರಿನವರೂ ಮಾಡಿದರು. ಲೆಕ್ಕ ಅದೇ ಇತ್ತು.

"ಗಾಜು ತತ್ತಾ, ನಾನೇ ನೋಡ್ತೀನಿ" ಎಂದರು ಅಧ್ಯಕ್ಷೆ. ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪಕ್ಕಕ್ಕೆ ಸರಿದೆ. ತಮ್ಮ ರಕ್ತವನ್ನು ಯಾರದೋ ಎಂಬಂತೆ ಈ ಮೂಲೆಯಿಂದ ಆ ಮೂಲೆಗೆ ನಿಧಾನವಾಗಿ ನೋಡಿದರು. ಆಮೇಲೆ ತಲೆಯೆತ್ತಿ ನನ್ನ ಕೆನ್ನೆ ಸವರಿದರು.

"ಸರಿಯಾಗೇ ನೋಡಿದ್ದೀಯ ಕಣವ್ವ. ಈ ಸಲ ಏಳ್ಕಳಕೆ ನಿನ್ನತ್ರ ಏನೂ ಇಲ್ಲ."

ತಪ್ಪಾಗಲಿಲ್ಲವಲ್ಲ ಎಂದು ನಾನು ಅತ್ತದ್ದು ಅದೊಂದೇ ದಿನ.