ಹೆಬ್ಬಾವಿನ ನೆಗಡಿ

ಆ ಸಂಜೆ ಪರದೇಶದ ಮಿಲ್ ಕ್ರೀಕ್ ಎಂಬ ಊರಿನ ನಮ್ಮ ಮನೆಯ ಹಾಲಿನಲ್ಲಿ ಇದ್ದವರು ನಾವು ನಾಲ್ವರು: ನಾನು, ನನ್ನ ಗಂಡ ಶ್ರೀಧರ, ಹೈಸ್ಕೂಲು ಓದುವ ಮಗಳು ಮೇಘನಾ, ಮೈಸೂರಿನಿಂದ ಬಂದು ನಮ್ಮೊಂದಿಗಿದ್ದ ಅತ್ತೆ. ನಾಲ್ವರೂ ಉಸಿರು ಬಿಗಿಹಿಡಿದು ಐದನೆಯ ಜೀವದ ಉಸಿರಾಟ ಕೇಳುತ್ತಿದ್ದೆವು. ಗಾಜಿನ ಪೆಟ್ಟಿಗೆಯೊಳಗೆ ಸುತ್ತಿಕೊಂಡು ಮಲಗಿದ್ದ ಅದರ ಹೆಸರು ಚಕ್ಕುಲಿ. ಮೇಘನಾ ಸಾಕಿದ ಹೆಬ್ಬಾವು.

ಹೆಬ್ಬಾವು ಎಂದ ಕೂಡಲೇ ನೀವು ಕಾಲು ಮೇಲೆತ್ತಿಕೊಳ್ಳಬೇಕಾಗಿಲ್ಲ. ಇದು ಆ ಕುಲದಲ್ಲೇ ಗಿಡ್ಡ ಜಾತಿ, ನೀಳವಾಗಿ ಚಾಚಿದರೂ ನನ್ನ ದುಪಟ್ಟಾದಷ್ಟು ಬರುವುದಿಲ್ಲ. ಸಂಸ್ಕೃತದಲ್ಲಿ ಹೆಬ್ಬಾವಿಗೆ ಅಜಗರ ಎನ್ನುತ್ತಾರೆ, ಮೇಕೆಯನ್ನು ನುಂಗುವಂಥದ್ದು ಎಂದು. ನಮ್ಮದು ಮೇಕೆಯ ದನಿ ಕೇಳಿದರೇ ಸುರುಳಿಯೊಳಗೆ ತಲೆ ಅಡಗಿಸಿಕೊಳ್ಳುವ ಪೈಕಿ. ನನ್ನಜ್ಜಿ ದೀಪ ಹಚ್ಚಿದ ಮೇಲೆ ಹಾವಿನ ಹೆಸರೆತ್ತಲು ಬಿಡುತ್ತಿರಲಿಲ್ಲ, ‘ಹುಳ’ ಎನ್ನಬೇಕಿತ್ತು. ಅವರ ಮೊಮ್ಮಗಳಾದ ನಾನು ಈಗ ಗ್ಯಾರೇಜಿನಲ್ಲಿ ಚಕ್ಕುಲಿಯ ಊಟಕ್ಕೆಂದೇ ಬೇರೆ ಒಂದು ಪುಟ್ಟ ಫ್ರಿಜ್ ಇಟ್ಟಿದ್ದೇನೆ. ಅದರೊಳಗೆ ಇರುವುದರ ಹೆಸರನ್ನು ನಮ್ಮ ಸಸ್ಯಾಹಾರಿ ಮನೆಯಲ್ಲಿ ಹಗಲಲ್ಲೂ ಯಾರೂ ಎತ್ತುವುದಿಲ್ಲ.

ಆ ವಾರ ಬಿರುಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಗಿತ್ತು. ಪೆಟ್ಟಿಗೆಯ ಹೀಟರ್ ಆರಿತು. ನಾವು ಇದ್ದಬದ್ದ ಕಂಬಳಿಯನ್ನೆಲ್ಲ ಹೊದಿಸಿದೆವು. ಆದರೆ ಕಂಬಳಿ ಮೈಯಲ್ಲಿರುವ ಶಾಖವನ್ನು ಕಾಯುತ್ತದೆಯೇ ಹೊರತು ಇಲ್ಲದ್ದನ್ನು ಕೊಡುವುದಿಲ್ಲ. ಹಾವಿಗೋ, ಸ್ವಂತದ ಶಾಖವೆಂಬುದೇ ಇಲ್ಲ. ಕರೆಂಟು ಬಂದ ಮೇಲೆ ನೋಡಿದರೆ ಚಕ್ಕುಲಿ ತಲೆ ಮೇಲೆತ್ತಿ, ಬಾಯಿ ತೆರೆದು ಉಸಿರಾಡುತ್ತಿತ್ತು. ಮೂಗಿನಲ್ಲಿ ಗುಳ್ಳೆ, ಒಳಗಿಂದ ಸಣ್ಣ ಸಿಳ್ಳೆ.

ಹಾವುಗಳನ್ನು ನೋಡುವ ಡಾಕ್ಟರಮ್ಮ ಒಬ್ಬರಿದ್ದರು. ಎದೆ ಕಟ್ಟಿದೆ, ಹಾವಿಗೆ ನಮ್ಮಂತೆ ಕೆಮ್ಮಿ ಕಫ ತೆಗೆಯಲು ಬರುವುದಿಲ್ಲ, ಉಳಿಯುತ್ತದೆಂದು ಮಾತು ಕೊಡಲಾರೆ ಎಂದರು. ಪೆಟ್ಟಿಗೆ ಬೆಚ್ಚಗಿರಲಿ, ಮೂರು ದಿನಕ್ಕೊಮ್ಮೆ ಮನೆಯಲ್ಲೇ ಇಂಜೆಕ್ಷನ್ ಕೊಡಿ. ಅದು ಬಿಟ್ಟರೆ ಮುಟ್ಟಬೇಡಿ. ನಾನು ಹೇಳುವ ತನಕ ಏನೂ ತಿನ್ನಿಸಬೇಡಿ ಎಂದೂ ಸೇರಿಸಿದರು.

ತಿನ್ನಿಸಬೇಡಿ! ನಮ್ಮ ಜನಕ್ಕೆ ಹೇಳುವ ಮಾತೇ ಇದು? ಕಾಯಿಲೆಯವರ ಮನೆಗೆ ಹೋದರೆ ನಾವು ಮೊದಲು ಕೇಳುವುದು ಜ್ವರ ಎಷ್ಟಿದೆ ಎಂದಲ್ಲ, ಹೊಟ್ಟೆಗೇನು ತಗೊಂಡರು ಎಂದು. ಪ್ರೀತಿಗೆ ನಮ್ಮಲ್ಲಿ ಸೌಟಿನಷ್ಟು ಒಳ್ಳೆಯ ಅಳತೆ ಇನ್ನೊಂದಿಲ್ಲ.

“ಹೊಟ್ಟೆಗೆ ಇಲ್ದೆ ಔಷಧಿ ಹೆಂಗೆ ಹಿಡಿಯತ್ತೆ ಸುಮಾ? ಒಂದು ಒಳಲೆ ಹಾಲಾದ್ರೂ?” ಎಂದರು ಅತ್ತೆ.

“ನೋ ಅಜ್ಜಿ! ಸ್ನೇಕ್ಸ್ ಡೋಂಟ್ ಡ್ರಿಂಕ್ ಮಿಲ್ಕ್,” ಎಂದಳು ಮೇಘನಾ.

“ಹಂಗಾದ್ರೆ ಇಷ್ಟು ವರ್ಷ ನಾನು ಎರೆದಿದ್ದೆಲ್ಲ?”

“ಅದು ಹುತ್ತ ಕುಡೀತಮ್ಮ,” ಎಂದರು ಶ್ರೀಧರ. ಆ ದಿನ ಅವರ ಸಾರಿಗೆ ತುಪ್ಪ ಬೀಳಲಿಲ್ಲ.

ಸುದ್ದಿ ದೂರದ ಸ್ನೊಕ್ವಾಲ್ಮಿ ಊರಿನವರೆಗೂ ಹೋಯಿತು. ಅಲ್ಲಿಂದ ಗೆಳತಿ ವಸುಧಾ ದೊಡ್ಡ ಪಾತ್ರೆ ಹಿಡಿದು ಡ್ರೈವ್ ಮಾಡಿಕೊಂಡು ಬಂದಳು. “ಮನೇಲಿ ಪೇಷಂಟ್ ಇದೆ ಅಂದ್ರೆ ನಿಮಗೆಲ್ಲಿ ಅಡುಗೆ ಮಾಡಕ್ಕೆ ಆಗತ್ತೆ ಕಣೇ? ಬಿಸಿಬೇಳೆಬಾತ್ ತಂದಿದೀನಿ,” ಎಂದವಳು, ಪೇಷಂಟಿನ ಪೆಟ್ಟಿಗೆಯ ಹತ್ತಿರ ಮಾತ್ರ ಸುಳಿಯಲಿಲ್ಲ.

ಇಂಜೆಕ್ಷನ್ ಚುಚ್ಚುವುದು ಮೇಘನಾ, ಹಿಡಿದುಕೊಳ್ಳುವುದು ನಾನು. ಈ ಕೈಗಳಿಗೆ ಕಲಸಲು ಬರುತ್ತದೆ, ಬಡಿಸಲು, ನೇವರಿಸಲು ಬರುತ್ತದೆ. ಏನೂ ಮಾಡದೆ ಸುಮ್ಮನೆ ಹಿಡಿದಿರಲು ಮಾತ್ರ ಅಲ್ಲಿಯವರೆಗೆ ಯಾರೂ ಕಲಿಸಿರಲಿಲ್ಲ. ಅಂಗೈಯ ಕೆಳಗೆ ಆ ನುಣುಪು ಮೈ ಪ್ರತಿ ಉಸಿರಿಗೂ ಕಷ್ಟಪಟ್ಟು ಉಬ್ಬುತ್ತಿತ್ತು. ಎರಡನೆಯ ಇಂಜೆಕ್ಷನ್ ಆದ ಮೇಲೂ ಸಿಳ್ಳೆ ನಿಲ್ಲಲಿಲ್ಲ. ಮೇಘನಾ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಳಿತು, “ಅಮ್ಮಾ, ವಾಟ್ ಇಫ್ ಹೀ ಡೈಸ್?” ಎಂದಳು. ಎದ್ದು ಒಂದು ತುತ್ತು ತಿನ್ನು ಬಾ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅವಳ ಪಕ್ಕದಲ್ಲಿ ಹೋಗಿ ಕುಳಿತೆ. ಸ್ವಲ್ಪ ಹೊತ್ತಿಗೆ ಅವಳ ತಲೆ ನನ್ನ ಭುಜಕ್ಕೆ ಬಂತು.

ಉಪಚಾರ ಎಂದು ನಾವು ಕರೆಯುವುದರಲ್ಲಿ ಅರ್ಧ ನಮ್ಮದೇ ಸಂಕಟಕ್ಕೆ ಮಾಡಿಕೊಳ್ಳುವ ಮದ್ದೇನೋ. ಕೈಗೊಂದು ಕೆಲಸವಿದ್ದರೆ ಭಯ ಅಷ್ಟು ಹೊತ್ತು ದೂರ ನಿಲ್ಲುತ್ತದೆ. ಆದರೆ ಬಾಯಿಲ್ಲದ ಜೀವಕ್ಕೆ ‘ಸಾಕಮ್ಮ’ ಎನ್ನಲು ಬರುವುದಿಲ್ಲ. ನಮ್ಮ ಕೈಯನ್ನು ನಾವೇ ತಡೆಯಬೇಕು.

ಮುಂದಿನ ಇಂಜೆಕ್ಷನ್‌ಗಳಲ್ಲಿ ಸಿಳ್ಳೆ ಮೆಲ್ಲಗೆ ಇಳಿಯಿತು. ಗುಳ್ಳೆ ಹೋಯಿತು. ಚಕ್ಕುಲಿ ಬಾಯಿ ಮುಚ್ಚಿ ಮಲಗಿತು. ಡಾಕ್ಟರಮ್ಮ ಮತ್ತೆ ಪರೀಕ್ಷಿಸಿ, ಎದೆ ತಿಳಿಯಾಗಿದೆ, ಇನ್ನು ಒಂದು ಚಿಕ್ಕದನ್ನು ಕೊಟ್ಟು ನೋಡಿ, ತಿಂದರೆ ಗೆದ್ದಂತೆ ಎಂದರು.

ಭಾನುವಾರ ಮಧ್ಯಾಹ್ನ ಮೇಘನಾ ಗ್ಯಾರೇಜಿನಿಂದ ತಂದದ್ದನ್ನು ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದು ಪೆಟ್ಟಿಗೆಯೊಳಗೆ ಚಾಚಿದಳು. ಅತ್ತೆ ಅಡುಗೆಮನೆಯಲ್ಲಿ ನಮಗೆ ಬೆನ್ನು ಮಾಡಿ ಕುಳಿತಿದ್ದರು. ಚಕ್ಕುಲಿ ಬಹಳ ಹೊತ್ತು ನಾಲಗೆ ಆಡಿಸಿತು. ಆಮೇಲೆ ಒಮ್ಮೆಲೇ ಹಿಡಿಯಿತು.

“ಒಳಗೆ ಹೋಯ್ತಾ?” ಅತ್ತೆ ತಿರುಗದೆಯೇ ಕೇಳಿದರು.

“ಹೋಯ್ತು ಅಜ್ಜಿ,” ಎಂದಳು ಮೇಘನಾ.

ಅತ್ತೆ ಎದ್ದು ಕೈ ತೊಳೆದುಕೊಂಡು ಬಂದು ತಟ್ಟೆ ಎಳೆದುಕೊಂಡರು. “ಬಡಿಸಮ್ಮ ಸುಮಾ,” ಎಂದರು. ಬೆಳಗಿನಿಂದ ಅವರು ಕಾಫಿ ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ ಎಂದು ನಮಗೆ ಗೊತ್ತಾದದ್ದು ಆಗ.